ಬಾರ್ಲಿ ಯಾವಾಗ ತೆನೆ ಬಿಡಬೇಕು?



ಜೈಪುರದ ಆಸುಪಾಸಿನಲ್ಲಿ ನವೆಂಬರ್ ಮಧ್ಯಕ್ಕೆ ಬಿತ್ತಿದ ಬಾರ್ಲಿ ಫೆಬ್ರವರಿಯಲ್ಲಿ ತೆನೆ ತೋರಿಸಿ, ಮಾರ್ಚ್ ಕೊನೆಯ ಹೊತ್ತಿಗೆ ಕುಯಿಲಿಗೆ ಬರುತ್ತದೆ. ಅದೇ ಚೀಲದ ಬೀಜವನ್ನು ಡಿಸೆಂಬರ್ ಕೊನೆಯಲ್ಲಿ ಬಿತ್ತಿದರೆ ಕುಯಿಲೂ ನಲವತ್ತು ದಿನ ಮುಂದಕ್ಕೆ ಹೋಗಬೇಕಲ್ಲವೆ? ಹೋಗುವುದಿಲ್ಲ. ಎರಡು ಮೂರು ವಾರ ತಡವಾದರೆ ಹೆಚ್ಚು. ಉಳಿದ ದಿನಗಳು ಬೆಳೆಯ ಆಯುಸ್ಸಿನಿಂದಲೇ ಕತ್ತರಿಸಿಹೋಗಿರುತ್ತವೆ. ಆ ದಿನಗಳ ಜೊತೆಗೆ ತೆನೆಗಳೂ ಕಾಳುಗಳೂ ಹೋಗಿರುತ್ತವೆ. ನೀರು ಕಡಿಮೆಯಾಗಿಲ್ಲ, ಗೊಬ್ಬರ ಕಡಿಮೆಯಾಗಿಲ್ಲ, ಮಣ್ಣು ಬದಲಾಗಿಲ್ಲ. ಹಾಗಾದರೆ ಆ ದಿನಗಳನ್ನು ತಿಂದವರು ಯಾರು, ಅವುಗಳಲ್ಲಿ ಎಷ್ಟನ್ನು ತಳಿಯ ಆಯ್ಕೆಯಿಂದ ಉಳಿಸಿಕೊಳ್ಳಬಹುದು ಎಂಬುದು ಇಂದಿನ ನನ್ನ ವಿಷಯ.

ಕರ್ನಾಟಕದಲ್ಲಿ ನಿಂತು ಬಾರ್ಲಿಯ ಮಾತೇಕೆ ಎಂದು ನೀವು ಕೇಳಬಹುದು. ನಮಗೆ ಬಾರ್ಲಿ ಎಂದರೆ ಜ್ವರ ಬಂದಾಗ ಕುಡಿಯುವ ಗಂಜಿನೀರು, ಇಲ್ಲವೇ ಮಾಲ್ಟಿನ ಡಬ್ಬಿ. ಆದರೆ ಬಿತ್ತನೆಯ ಕಾಲ ಮತ್ತು ತಳಿ ಎಂಬ ಎರಡು ಸಂಗತಿಗಳು ಹೇಗೆ ಒಂದೇ ಸಂಗತಿಯ ಎರಡು ತುದಿಗಳು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಧಾನ್ಯ ಬೇರೆ ಇಲ್ಲ. ಭೂಮಧ್ಯರೇಖೆಗೆ ಹತ್ತಿರದ ಇಥಿಯೋಪಿಯಾದ ಎತ್ತರದ ನೆಲದಿಂದ ಹಿಡಿದು ಐಸ್‌ಲ್ಯಾಂಡಿನವರೆಗೆ, ಟಿಬೆಟ್ಟಿನ ಪ್ರಸ್ಥಭೂಮಿಯಿಂದ ರಾಜಸ್ಥಾನದ ಮರಳು ನೆಲದವರೆಗೆ ಇದು ಬೆಳೆಯುತ್ತದೆ. ಲಡಾಖಿನಲ್ಲಿ ಹಿಮ ಕರಗಿದ ಮೇಲೆ ವಸಂತದಲ್ಲಿ ಬಿತ್ತುತ್ತಾರೆ. ರಾಜಸ್ಥಾನದಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಬಿತ್ತುತ್ತಾರೆ. ಇಂಗ್ಲೆಂಡಿನಲ್ಲಿ ಕೆಲವರು ಸೆಪ್ಟೆಂಬರಿನಲ್ಲಿ, ಕೆಲವರು ಮಾರ್ಚಿನಲ್ಲಿ ಬಿತ್ತುತ್ತಾರೆ. ಒಂದೇ ಜಾತಿಯ ಗಿಡ ಇಷ್ಟು ಬೇರೆ ಬೇರೆ ಕಾಲಗಳಿಗೆ ಒಗ್ಗಿಕೊಂಡದ್ದು ತಳಿಗಳ ಒಳಗಡೆ ಆದ ಬದಲಾವಣೆಯಿಂದ. ಅದನ್ನು ಮರೆತು ಬರೀ ತಾರೀಖು ಹೇಳುವುದು, ಅಥವಾ ತಾರೀಖು ಮರೆತು ಬರೀ ತಳಿಯ ಹೆಸರು ಹೇಳುವುದು, ಎರಡೂ ರೈತನಿಗೆ ಅರ್ಧ ಸಲಹೆ.

ಮೊದಲು ದಿನಗಳ ಲೆಕ್ಕಕ್ಕೆ ಬರೋಣ. ಗಿಡ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲ. ಅದು ಶಾಖವನ್ನು ಕೂಡಿಸಿಕೊಳ್ಳುತ್ತಾ ಹೋಗುತ್ತದೆ. ಒಂದು ಬೆಳೆ ಹಣ್ಣಾಗಲು ಇಂತಿಷ್ಟು ಶಾಖದ ಮೊತ್ತ ಬೇಕು ಎಂಬ ಕಲ್ಪನೆಯನ್ನು ಫ್ರಾನ್ಸಿನ ರಿಯೊಮ್ಯೂರ್ 1735ರಲ್ಲೇ ಮುಂದಿಟ್ಟಿದ್ದ. ಬಾರ್ಲಿಯ ಪ್ರತಿ ಹೊಸ ಎಲೆಗೂ ಹೆಚ್ಚುಕಡಿಮೆ ಒಂದು ನಿಗದಿತ ಶಾಖದ ಮೊತ್ತ ಸಲ್ಲಬೇಕು. ತಂಪಿನ ದಿನಗಳಲ್ಲಿ ಆ ಮೊತ್ತ ನಿಧಾನವಾಗಿ ಕೂಡುತ್ತದೆ, ಗಿಡಕ್ಕೆ ಬಿಸಿಲು ಹೀರುವ ದಿನಗಳು ಹೆಚ್ಚು ಸಿಗುತ್ತವೆ. ಸೆಕೆಯ ದಿನಗಳಲ್ಲಿ ಬೇಗ ಕೂಡುತ್ತದೆ, ಗಿಡ ಒಂದು ಹಂತದಿಂದ ಮುಂದಿನ ಹಂತಕ್ಕೆ ಓಡುತ್ತದೆ. ಡಿಸೆಂಬರ್ ಕೊನೆಯಲ್ಲಿ ಬಿತ್ತಿದ ಬೆಳೆಗೆ ಎರಡೂ ಕಡೆಯಿಂದ ನಷ್ಟ. ಚಳಿಯಲ್ಲಿ ಮೊಳಕೆ ನಿಧಾನವಾಗಿ ಏಳುತ್ತದೆ. ಎದ್ದು ಚೇತರಿಸಿಕೊಳ್ಳುವಷ್ಟರಲ್ಲಿ ಬಿಸಿಲು ಏರಿ, ಹಗಲು ಉದ್ದವಾಗಿ, ತೆನೆಯ ಕಡೆಗೆ ದೂಡುತ್ತದೆ. ತೆಂಡೆ ಒಡೆಯುವ ಕಾಲಕ್ಕೆ ಸಿಗಬೇಕಿದ್ದ ತಂಪಿನ ವಾರಗಳು ಸಿಗುವುದಿಲ್ಲ.

ಬಾರ್ಲಿಗೆ ಈ ನಷ್ಟ ಏಕೆ ಅಷ್ಟು ದೊಡ್ಡದು? ಅದರ ಇಳುವರಿ ಕಟ್ಟುವ ರೀತಿಯೇ ಹಾಗಿದೆ. ಚದರ ಮೀಟರಿಗೆ ಎಷ್ಟು ತೆನೆ, ತೆನೆಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ ಎಂಬ ಮೂರರ ಗುಣಾಕಾರ ಇಳುವರಿ. ಗೋಧಿಯ ತೆನೆಯಲ್ಲಿ ಒಂದೊಂದು ಗೊಂಚಲಲ್ಲೂ ಹಲವು ಹೂಗಳಿರುವುದರಿಂದ ಅನುಕೂಲ ಸಿಕ್ಕರೆ ಒಂದು ಕಾಳು ಹೆಚ್ಚು ಕಟ್ಟಬಹುದು. ಬಾರ್ಲಿಯ ಗೊಂಚಲಲ್ಲಿ ಒಂದೇ ಹೂ, ಒಂದೇ ಕಾಳು. ಎರಡು ಸಾಲಿನ ಬಾರ್ಲಿಯಲ್ಲಂತೂ ಮೂರು ಗೊಂಚಲುಗಳಲ್ಲಿ ನಡುವಿನದು ಮಾತ್ರ ಕಾಳು ಕಟ್ಟುತ್ತದೆ, ಅಕ್ಕಪಕ್ಕದವು ಬಂಜೆ. ಆರು ಸಾಲಿನದರಲ್ಲಿ ಮೂರೂ ಕಟ್ಟುತ್ತವೆ. ಹೀಗಾಗಿ ಎರಡು ಸಾಲಿನ ತಳಿ ತನ್ನ ಇಳುವರಿಯನ್ನೆಲ್ಲ ತೆಂಡೆಗಳ ಸಂಖ್ಯೆಯಿಂದಲೇ ತುಂಬಿಕೊಳ್ಳಬೇಕು. ತೆಂಡೆಯ ಕಾಲ ಕುಗ್ಗಿದರೆ ಅದಕ್ಕೆ ಬೇರೆ ದಾರಿ ಕಡಿಮೆ.

ಇದರ ಮೇಲೆ ಇನ್ನೊಂದು ಸಂಗತಿ ಇದೆ, ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಗಮನಿಸದೆ ಬಿಡುವಂಥದ್ದು. ಬಾರ್ಲಿ ಹೊಡೆಯ ಒಳಗೇ ಹೂಬಿಡುತ್ತದೆ. ತೆನೆ ಪೂರ್ತಿ ಹೊರಬಂದು ಕಣ್ಣಿಗೆ ಕಾಣುವ ಹೊತ್ತಿಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಹೊಡೆಯ ತುದಿಯಲ್ಲಿ ಸೂಲಂಗಿ ಇಣುಕಿದಾಗಲೇ ಹೂವಿನ ಕೆಲಸ ನಡೆಯುತ್ತಿರುತ್ತದೆ. ಕಾಳಿನ ಸಂಖ್ಯೆ ತೀರ್ಮಾನವಾಗುವ ನಾಜೂಕಿನ ಕಾಲ ಬಾರ್ಲಿಯಲ್ಲಿ ಗೋಧಿಗಿಂತ ಮುಂಚಿನದು, ಹೂಬಿಡುವುದಕ್ಕೆ ಸುಮಾರು ನಲವತ್ತು ದಿನ ಮುಂಚಿನಿಂದ ಶುರುವಾಗುತ್ತದೆ. ಕಾಂಡ ಏಳುವ ಆ ದಿನಗಳಲ್ಲಿ ಬಿಸಿಲು ಸಾಕಷ್ಟಿದ್ದು, ನೀರಿದ್ದು, ಸೆಕೆ ಇಲ್ಲದಿದ್ದರೆ ಒಡೆದ ತೆಂಡೆಗಳು ತೆನೆಯಾಗುತ್ತವೆ. ಇಲ್ಲದಿದ್ದರೆ ಒಣಗಿ ಉದುರುತ್ತವೆ. ರೈತ ತೆನೆ ನೋಡಿ ಚಿಂತಿಸುವ ಹೊತ್ತಿಗೆ ತೀರ್ಪು ಆಗಿಹೋಗಿರುತ್ತದೆ.

ಹಾಗಿದ್ದರೆ ಆದಷ್ಟು ಬೇಗ ಬಿತ್ತಿಬಿಟ್ಟರೆ ಆಯಿತಲ್ಲ ಎನ್ನಬಹುದು. ಅಲ್ಲಿ ಇನ್ನೊಂದು ಅಪಾಯ ಕಾದಿದೆ. ರಾಜಸ್ಥಾನದ ಚೂರು, ಶೇಖಾವಟಿಯ ಫತೇಪುರದಂಥ ಊರುಗಳಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಎಳೆಯ ಗಿಡ ಅದನ್ನು ತಡೆದುಕೊಳ್ಳುತ್ತದೆ. ಹೊಡೆ ತುಂಬಿದ ಗಿಡ ತಡೆದುಕೊಳ್ಳುವುದಿಲ್ಲ. ಒಂದು ರಾತ್ರಿಯ ಹಿಮಕ್ಕೆ ತೆನೆ ಬಿಳಿಚಿಕೊಂಡು ಜೊಳ್ಳಾಗುತ್ತದೆ. ಅಕ್ಟೋಬರಿನಲ್ಲೇ ಬಿತ್ತಿದ ಅವಧಿ ಕಡಿಮೆಯ ತಳಿ ಜನವರಿಯಲ್ಲಿ ತೆನೆ ಬಿಟ್ಟರೆ ಈ ಹಿಮಕ್ಕೆ ಎದೆಯೊಡ್ಡಿದಂತೆ. ಇತ್ತ ತಡವಾದರೆ ಮಾರ್ಚಿನ ಬಿಸಿಗಾಳಿ. ಹಿಮ ಮುಗಿಯುವ ಹೊತ್ತು ಮತ್ತು ಸೆಕೆ ಹುಟ್ಟುವ ಹೊತ್ತು, ಇವೆರಡರ ನಡುವೆ ಒಂದು ಕಿಟಕಿ ತೆರೆಯುತ್ತದೆ. ತೆನೆ ಆ ಕಿಟಕಿಯಲ್ಲಿ ಹೊರಬರಬೇಕು. ದಕ್ಷಿಣ ಆಸ್ಟ್ರೇಲಿಯಾದ ಗೋಧಿ-ಬಾರ್ಲಿ ಸೀಮೆಯಲ್ಲಿ ಇವತ್ತು ಸಂಶೋಧಕರು ಊರೂರಿಗೆ ಈ ಕಿಟಕಿಯನ್ನು ಲೆಕ್ಕಹಾಕಿ, ಅದರಿಂದ ಹಿಂದಕ್ಕೆ ಎಣಿಸಿ, ಈ ತಳಿಯಾದರೆ ಈ ವಾರ, ಆ ತಳಿಯಾದರೆ ಆ ವಾರ ಎಂದು ಬಿತ್ತನೆಯ ಸಲಹೆ ಕೊಡುತ್ತಾರೆ. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ: ತೆನೆಯ ದಿನವನ್ನು ಮೊದಲು ಗೊತ್ತುಮಾಡಿ, ಬಿತ್ತನೆಯ ದಿನವನ್ನೂ ತಳಿಯನ್ನೂ ಅದಕ್ಕೆ ಹೊಂದಿಸುವುದು.

2022ರ ಮಾರ್ಚ್ ಈ ಮಾತಿಗೆ ಕಠೋರವಾದ ಸಾಕ್ಷಿ ನುಡಿಯಿತು. ಹವಾಮಾನ ಇಲಾಖೆಯ ದಾಖಲೆಯಲ್ಲಿ 1901ರಿಂದ ಈಚೆಗೆ ಅಷ್ಟು ಸೆಕೆಯ ಮಾರ್ಚ್ ಇರಲಿಲ್ಲ. ಉತ್ತರ ಭಾರತದ ಗೋಧಿ ಹಾಲುಗಾಳಿನ ಹಂತದಲ್ಲೇ ಬೆಂದುಹೋಯಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿಯ ರಫ್ತನ್ನೇ ನಿಲ್ಲಿಸಿತು. ಬಾರ್ಲಿ ಗೋಧಿಗಿಂತ ಒಂದೆರಡು ವಾರ ಮೊದಲೇ ಹಣ್ಣಾಗುವ ಬೆಳೆ. ಸಕಾಲಕ್ಕೆ ಬಿತ್ತಿದ ಬಾರ್ಲಿಯ ಕಾಳು ಅಂಥ ಸೆಕೆ ಏರುವ ಮೊದಲೇ ಬಹುಪಾಲು ತುಂಬಿರುತ್ತದೆ, ತಡವಾದ ಬಾರ್ಲಿಗೆ ಆ ರಕ್ಷಣೆ ಇಲ್ಲ. ಒಂದೆರಡು ವಾರ ಎಂದರೆ ಏನು ಮಹಾ ಎನ್ನುವವರು ಇದನ್ನು ನೆನಪಿಡಬೇಕು.

ಈಗ ತಳಿಯ ಕಡೆಗೆ. ತಳಿ ಎಂದರೆ ಹೆಚ್ಚು ಕೊಡುವುದು, ಕಡಿಮೆ ಕೊಡುವುದು ಎಂಬ ಸರಳ ವಿಂಗಡಣೆ ನಮ್ಮ ತಲೆಯಲ್ಲಿ ಕೂತಿದೆ. ಬಾರ್ಲಿಯ ತಳಿಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಅವುಗಳ ಒಳಗಡಿಯಾರದಲ್ಲಿದೆ. ಶಾಖದ ಲೆಕ್ಕ ಎಲ್ಲಕ್ಕೂ ಸಮಾನ. ಅದರ ಮೇಲೆ ಎರಡು ಬೀಗಗಳು: ಒಂದು ಚಳಿಯದು, ಇನ್ನೊಂದು ಹಗಲಿನ ಉದ್ದದ್ದು.

ಚಳಿಗಾಲದ ಬಾರ್ಲಿ ಎಂದು ಕರೆಯುವ ತಳಿಗಳು ಹಲವು ವಾರಗಳ ಚಳಿ ಕಾಣದೆ ತೆನೆಯ ಯೋಚನೆಯನ್ನೇ ಮಾಡುವುದಿಲ್ಲ. ಅವನ್ನು ವಸಂತದ ಕೊನೆಗೆ ಬಿತ್ತಿದರೆ ಹುಲ್ಲಿನಂತೆ ಹಬ್ಬಿ ನಿಲ್ಲುತ್ತವೆ. ವಸಂತದ ಬಾರ್ಲಿಗೆ ಈ ಬೀಗವಿಲ್ಲ. ಅದನ್ನು ಹಾಕುವ ವಂಶವಾಹಿಯೇ ಹಲವು ತಳಿಗಳಲ್ಲಿ ಕಳಚಿಹೋಗಿದೆ. ನಮ್ಮ ರಾಜಸ್ಥಾನ, ಹರಿಯಾಣ, ಉತ್ತರಪ್ರದೇಶದ ಬಾರ್ಲಿ ಚಳಿಗಾಲದಲ್ಲಿ ಬೆಳೆದರೂ ಸ್ವಭಾವದಲ್ಲಿ ವಸಂತದ ಬಾರ್ಲಿಯೇ.

ಹಗಲಿನ ಬೀಗದ ಕತೆ ಇನ್ನೂ ಸ್ವಾರಸ್ಯದ್ದು. ಬಾರ್ಲಿಯ ತವರು ಪಶ್ಚಿಮ ಏಷ್ಯಾ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಬಂದರೆ ನೆಲ ಒಣಗಿಹೋಗುತ್ತದೆ. ಹಗಲು ಉದ್ದವಾಗತೊಡಗಿದ್ದೇ ಬರಗಾಲದ ಮುನ್ಸೂಚನೆ ಎಂದು ಕಾಡುಬಾರ್ಲಿ ಕಲಿತಿತ್ತು, ಬೇಗಬೇಗ ತೆನೆಬಿಟ್ಟು ಬೀಜ ಉದುರಿಸುತ್ತಿತ್ತು. ರೈತರ ಕೈಯಲ್ಲಿ ಅದು ಉತ್ತರ ಯುರೋಪಿಗೆ ಹೋದಾಗ ಈ ಅವಸರವೇ ನಷ್ಟವಾಯಿತು. ಅಲ್ಲಿ ಬೇಸಿಗೆಯೆಂದರೆ ತಂಪು, ತೇವ, ಉದ್ದನೆಯ ಹಗಲು, ಬೆಳೆಯಲು ಅತ್ಯುತ್ತಮ ಕಾಲ. ಉದ್ದ ಹಗಲಿನ ಕರೆಗೆ ಓಗೊಡದ ಒಂದು ಮಾರ್ಪಾಟು ಹೊಂದಿದ ಗಿಡಗಳು ಅಲ್ಲಿ ತಡವಾಗಿ ತೆನೆಬಿಟ್ಟು ಹೆಚ್ಚು ಕಾಳು ಕೊಟ್ಟವು, ವಸಂತದ ಬಿತ್ತನೆಗೆ ಅವೇ ನಿಂತವು. ಈ ವಂಶವಾಹಿಯನ್ನು 2005ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಜಾನ್ ಇನ್ನೆಸ್ ಸೆಂಟರಿನ ವಿಜ್ಞಾನಿಗಳು ಗುರುತಿಸಿದರು.

ಸ್ವೀಡನ್ನಿನಲ್ಲಿ ಇದರ ವಿರುದ್ಧ ದಿಕ್ಕಿನ ಕೆಲಸ ನಡೆದಿತ್ತು. ಬೋನಸ್ ಎಂಬ ತಳಿಯ ಬೀಜಕ್ಕೆ ಎಕ್ಸ್-ರೇ ಹಾಯಿಸಿ ಪಡೆದ ಒಂದು ಮಾರ್ಪಾಟು ಹಗಲಿನ ಉದ್ದವನ್ನು ಲೆಕ್ಕಿಸದೆ ಬೇಗ ತೆನೆ ಬಿಡುತ್ತಿತ್ತು. 1960ರ ದಶಕದ ಆರಂಭದಲ್ಲಿ ಅದು ಮಾರಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಬೇಸಿಗೆ ತೀರಾ ಗಿಡ್ಡವಾಗಿರುವ ಸೀಮೆಗಳಲ್ಲಿ ಬಾರ್ಲಿ ಹಣ್ಣಾಗುವುದು ಇಂಥ ತಳಿಗಳಿಂದ ಸಾಧ್ಯವಾಯಿತು. ಅದರ ಹಿಂದಿನ ವಂಶವಾಹಿ ಯಾವುದೆಂದು ತಿಳಿದದ್ದು 2012ರಲ್ಲಿ, ಅರ್ಧ ಶತಮಾನದ ಮೇಲೆ. ತಳಿ ತಜ್ಞರು ಹೊಲದಲ್ಲಿ ಕಣ್ಣಿಟ್ಟು ಆರಿಸಿದ್ದನ್ನು ಪ್ರಯೋಗಾಲಯ ಆಮೇಲೆ ಹೆಸರಿಟ್ಟು ಕರೆದದ್ದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಈಗ ನಮ್ಮ ಕಡೆ ನೋಡಿ. ರಾಜಸ್ಥಾನದ ಬಾರ್ಲಿ ಬೆಳೆಯುವುದು ವರ್ಷದ ಅತಿ ಗಿಡ್ಡ ಹಗಲುಗಳಲ್ಲಿ. ಯುರೋಪಿನ ಒಳ್ಳೆಯ ಮಾಲ್ಟ್ ತಳಿಯನ್ನು ತಂದು ಇಲ್ಲಿ ಬಿತ್ತಿದರೆ, ಹಗಲು ಉದ್ದವಾಗತೊಡಗಿದರೂ ಅದು ಆ ಕರೆಗೆ ಓಗೊಡದೆ ಕೂರುತ್ತದೆ. ತೆನೆ ಬಿಡುವ ಹೊತ್ತಿಗೆ ಸೆಕೆ ಬಾಗಿಲಲ್ಲಿ ನಿಂತಿರುತ್ತದೆ. ಅಲ್ಲಿ ಬಹುಮಾನ ಪಡೆದ ಬೀಜ ಇಲ್ಲಿ ಜೊಳ್ಳು ಕೊಡುವುದು ಬೀಜದ ದೋಷದಿಂದಲ್ಲ, ರೈತನ ದೋಷದಿಂದ ಮೊದಲೇ ಅಲ್ಲ. ಎರಡು ಸಾಲಿನ ಮಾಲ್ಟ್ ಬಾರ್ಲಿಯ ದಪ್ಪ ಕಾಳು, ನಮ್ಮ ಹಳೆಯ ಆರು ಸಾಲಿನ ತಳಿಗಳ ಬೇಗ ಮಾಗುವ ಗುಣ, ಎರಡನ್ನೂ ಬೆಸೆಯಲು ಕರ್ನಾಲಿನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯೂ ಜೈಪುರದ ದುರ್ಗಾಪುರ, ಹಿಸಾರ್ ಮುಂತಾದ ಕೇಂದ್ರಗಳೂ ದಶಕಗಟ್ಟಲೆ ಶ್ರಮಿಸಬೇಕಾಯಿತು.

ತಳಿಯೂ ಕಾಲವೂ ಒಂದನ್ನೊಂದು ಬಿಟ್ಟು ನಿಲ್ಲುವುದಿಲ್ಲ ಎಂಬುದನ್ನು ಒಪ್ಪದೆ ಹೋದದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಒಂದು ದೊಡ್ಡ ದುರಂತವೇ ನಡೆದಿದೆ. ಸೋವಿಯತ್ ಒಕ್ಕೂಟದ ಟ್ರೊಫಿಮ್ ಲೈಸೆಂಕೊ 1929ರಲ್ಲಿ ಉಕ್ರೇನಿನ ತನ್ನ ತಂದೆಯ ಹೊಲದಲ್ಲಿ ಚಳಿಗಾಲದ ಗೋಧಿಯ ಬೀಜವನ್ನು ನೆನೆಸಿ, ತಂಪಿನಲ್ಲಿಟ್ಟು, ವಸಂತದಲ್ಲಿ ಬಿತ್ತಿ ತೆನೆ ತೆಗೆಸಿದ. ಬೀಜಕ್ಕೆ ಚಳಿ ತೋರಿಸಿದರೆ ಚಳಿಗಾಲದ ತಳಿ ತೆನೆ ಬಿಡುತ್ತದೆ ಎಂಬುದು ನಿಜ. ಜರ್ಮನಿಯ ಗಾಸ್ನರ್ ಅದನ್ನು 1918ರಲ್ಲೇ ತೋರಿಸಿದ್ದ. ಲೈಸೆಂಕೊ ಅಲ್ಲಿಗೆ ನಿಲ್ಲಲಿಲ್ಲ. ಬೀಜದ ಉಪಚಾರದಿಂದ ತಳಿಯ ಸ್ವಭಾವವನ್ನೇ ಶಾಶ್ವತವಾಗಿ ಬದಲಿಸಬಹುದು, ವಂಶವಾಹಿ ಎಂಬುದೇ ಸುಳ್ಳು ಎಂದು ಸಾರಿದ. ಲೈಸೆಂಕೊನ ದೇಶದವನೇ ಆದ ನಿಕೊಲಾಯ್ ವಾವಿಲೊವ್ ಜಗತ್ತೆಲ್ಲ ತಿರುಗಿ ಬೆಳೆಗಳ ಬೀಜ ಕೂಡಿಸುತ್ತಿದ್ದ; 1927ರಲ್ಲಿ ಇಥಿಯೋಪಿಯಾದಲ್ಲಿ ಓಡಾಡಿ ಅಲ್ಲಿನ ಬಾರ್ಲಿಯ ವೈವಿಧ್ಯ ಕಂಡು ಬೆರಗಾಗಿದ್ದ. ಲೈಸೆಂಕೊನ ವಾದವನ್ನು ಒಪ್ಪದ ಆತನನ್ನು 1940ರಲ್ಲಿ ಬಂಧಿಸಿದರು. 1943ರ ಜನವರಿಯಲ್ಲಿ ಸರಾಟೊವ್ ಜೈಲಿನಲ್ಲಿ, ಮನುಷ್ಯರ ಹಸಿವು ನೀಗಿಸಲು ಬೀಜ ಕೂಡಿಸಿದ ಆ ಮಹಾನುಭಾವ ಹಸಿವಿನಿಂದ ತೀರಿಕೊಂಡ.

ವಾವಿಲೊವ್ ಬೆರಗಾದ ಇಥಿಯೋಪಿಯಾದ ಬಾರ್ಲಿಯೇ ಮುಂದೆ ಜಗತ್ತಿನ ಕೈಹಿಡಿಯಿತು. ಬಾರ್ಲಿಯ ಎಲೆಗಳನ್ನು ಹಳದಿ ಮಾಡಿ ಗಿಡವನ್ನು ಕುಬ್ಜಗೊಳಿಸುವ ಒಂದು ವೈರಸ್ ರೋಗವಿದೆ, ಸಸ್ಯಹೇನುಗಳಿಂದ ಹರಡುವಂಥದ್ದು. ಇಂಗ್ಲೆಂಡಿನಲ್ಲಿ ಶರತ್ಕಾಲದ ಬೆಳೆಯನ್ನು ಸೆಪ್ಟೆಂಬರಿನ ಬೆಚ್ಚಗಿನ ದಿನಗಳಲ್ಲೇ ಬಿತ್ತಿದರೆ ಹೇನುಗಳು ಎಳೆಗಿಡಕ್ಕೆ ಏರುತ್ತವೆ. ತಡವಾಗಿ ಬಿತ್ತಿದರೆ ತಪ್ಪಿಸಿಕೊಳ್ಳಬಹುದು, ಆದರೆ ಮಳೆ ಹಿಡಿದರೆ ಬಿತ್ತುವುದೇ ಆಗುವುದಿಲ್ಲ. ಬೀಜಕ್ಕೆ ಲೇಪಿಸುತ್ತಿದ್ದ ನಿಯೊನಿಕೊಟಿನಾಯ್ಡ್ ಕೀಟನಾಶಕಗಳನ್ನು ಜೇನ್ನೊಣಗಳ ರಕ್ಷಣೆಗಾಗಿ ಯುರೋಪಿನ ಒಕ್ಕೂಟ 2018ರಲ್ಲಿ ಹೊಲದ ಬೆಳೆಗಳಿಗೆ ನಿಷೇಧಿಸಿದ ಮೇಲೆ ಬೇಗ ಬಿತ್ತುವವರ ಇಕ್ಕಟ್ಟು ಹೆಚ್ಚಿತು. ಈ ವೈರಸ್ಸನ್ನು ಸಹಿಸುವ ವಂಶವಾಹಿ ಸಿಕ್ಕಿದ್ದು ಇಥಿಯೋಪಿಯಾದ ನಾಟಿ ಬಾರ್ಲಿಗಳಲ್ಲಿ. ಅದನ್ನು ಹೊತ್ತ ಚಳಿಗಾಲದ ತಳಿಗಳು ಈಗ ಮಾರುಕಟ್ಟೆಯಲ್ಲಿವೆ. ತಳಿ ರೈತನಿಗೆ ಇಲ್ಲಿ ಕೊಟ್ಟದ್ದು ಏನು ಎಂದು ಗಮನಿಸಿ: ಬಿತ್ತುವ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ.

ಆ ಸ್ವಾತಂತ್ರ್ಯ ಇಲ್ಲದಾಗ ಏನಾಗುತ್ತದೆ ಎನ್ನುವುದಕ್ಕೆ 2019ರ ಬ್ರಿಟನ್ ನೋಡಬೇಕು. ಆ ಶರತ್ಕಾಲ ಮಳೆ ಬಿಡಲೇ ಇಲ್ಲ. ಚಳಿಗಾಲದ ಗೋಧಿ, ಬಾರ್ಲಿಯನ್ನು ಬಿತ್ತಲಾಗದೆ ಉಳಿದ ಹೊಲಗಳಲ್ಲಿ ಹಲವು 2020ರಲ್ಲಿ ವಸಂತದ ಬಾರ್ಲಿಯಾದವು. ಅದರ ವಿಸ್ತೀರ್ಣ ಹತ್ತು ಲಕ್ಷ ಹೆಕ್ಟೇರ್ ದಾಟಿತು. ಮಳೆಯ ಬೆನ್ನಿಗೇ ಒಣ ವಸಂತ ಬಂತು. ಅಷ್ಟಾದರೂ ಒಂದು ಬೆಳೆ ಕೈಗೆ ಬಂದದ್ದು ಬಾರ್ಲಿಯಲ್ಲಿ ಎರಡು ಕಾಲಕ್ಕೂ ತಳಿ ಇದ್ದುದರಿಂದ.

ತಳಿ ಪರೀಕ್ಷೆಯ ವಿಷಯಕ್ಕೆ ಬಂದಾಗ ನಮ್ಮೆಲ್ಲರ ಮೇಲೆ ಬಾರ್ಲಿಯ ಇನ್ನೊಂದು ಋಣವಿದೆ. ವಿಲಿಯಂ ಸೀಲಿ ಗೊಸೆಟ್ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಗೆ ಕೆಲಸಕ್ಕೆ ಸೇರಿದ. ಕೆಲವೇ ತಾಕುಗಳ, ಕೆಲವೇ ಮಾದರಿಗಳ ಬಾರ್ಲಿಯ ಲೆಕ್ಕದಿಂದ ಎಷ್ಟು ನಂಬಿಕೆಯ ತೀರ್ಮಾನಕ್ಕೆ ಬರಬಹುದು ಎಂಬ ಪ್ರಶ್ನೆ ಅವನನ್ನು ಕಾಡಿತು. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅವನು ಪ್ರಕಟಿಸಿದ ಪ್ರಬಂಧದಿಂದ ಬಂದದ್ದೇ ಇವತ್ತು ಕೃಷಿ ಪದವಿಯ ಪ್ರತಿ ವಿದ್ಯಾರ್ಥಿಯೂ ಕಲಿಯುವ ಟಿ-ಪರೀಕ್ಷೆ.

ಗೊಸೆಟ್ ಹೇಳಿದ ಐರ್ಲೆಂಡಿನ ಒಂದು ಪ್ರಸಂಗ ನನಗೆ ಆ ಸೂತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿನ ಕೃಷಿ ಇಲಾಖೆಯವರು ಆರ್ಚರ್ ಎಂಬ ತಳಿಯನ್ನು ಐರ್ಲೆಂಡಿನಲ್ಲೆಲ್ಲ ಹಬ್ಬಿಸುತ್ತಿದ್ದರು. ಒಂದು ಸೀಮೆಯ ರೈತರು ಮಾತ್ರ ತಮ್ಮ ನಾಟಿ ಬಾರ್ಲಿಯೇ ಮೇಲು ಎಂದು ಹಟ ಹಿಡಿದರು. ಅವರಿಗೆ ಸತ್ಯ ತೋರಿಸಬೇಕೆಂದು ಇಲಾಖೆ ಆ ನಾಟಿ ಬಾರ್ಲಿಯಿಂದ ಶುದ್ಧ ಸಾಲು ತೆಗೆದು, ಅದೇ ಸೀಮೆಯಲ್ಲಿ ಆರ್ಚರ್ ಜೊತೆ ಬಿತ್ತಿ ನೋಡಿತು. ಗೆದ್ದದ್ದು ನಾಟಿ. ಕಾರಣ ಹುಡುಕಿದಾಗ ತಿಳಿದದ್ದು ಇದು: ಆ ಸೀಮೆಯ ಹೊಲಗಳಲ್ಲಿ ಕಳೆ ವಿಪರೀತ. ನಾಟಿ ಬಾರ್ಲಿ ಆರಂಭದಲ್ಲೇ ಚುರುಕಾಗಿ ಬೆಳೆದು ಕಳೆಯನ್ನು ಅದುಮಿಬಿಡುತ್ತಿತ್ತು. ನಿಧಾನವಾಗಿ ಏಳುವ ಆರ್ಚರ್ ಕಳೆಯ ಕೆಳಗೆ ಸಿಕ್ಕಿಬೀಳುತ್ತಿತ್ತು. ಚೊಕ್ಕ ಹೊಲಗಳಿಗೆ ಒಯ್ದಾಗ ನಾಟಿ ಸೋತು ಆರ್ಚರ್ ಗೆದ್ದಿತು. ರೈತರೂ ಸರಿಯಿದ್ದರು, ಇಲಾಖೆಯ ಪ್ರಯೋಗವೂ ಸರಿಯಿತ್ತು; ಎರಡೂ ಬೇರೆ ಬೇರೆ ಹೊಲಗಳ ಸತ್ಯ. ರೈತನ ಹಟದ ಹಿಂದೆ ಏನಿದೆ ಎಂದು ಹೋಗಿ ನೋಡುವ ವಿನಯ ಆ ಕಾಲದವರಿಗಿತ್ತು ಎಂಬುದಕ್ಕೆ ನಾನು ಕೈಮುಗಿಯುತ್ತೇನೆ.

ಅಮೆರಿಕದ ಮಿನೆಸೊಟಾದಲ್ಲಿ 1931 ಮತ್ತು 1932ರಲ್ಲಿ ಹತ್ತು ಬಾರ್ಲಿ ತಳಿಗಳನ್ನು ಆರು ಊರುಗಳಲ್ಲಿ ಬೆಳೆದು ನೋಡಿದ ಅಂಕಿಗಳೂ ಹೆಸರಾದವು; ಸಂಖ್ಯಾಶಾಸ್ತ್ರಜ್ಞ ಫಿಶರ್ ತನ್ನ 1935ರ ಪುಸ್ತಕದಲ್ಲಿ ಅವನ್ನು ಬಳಸಿದ. ಐದು ಊರುಗಳಲ್ಲಿ 1931ರ ಇಳುವರಿ ಮೇಲು, ಮಾರಿಸ್ ಎಂಬ ಊರಲ್ಲಿ ಮಾತ್ರ 1932ರದು ಮೇಲು. ವರ್ಷಗಳು ಅದಲುಬದಲಾಗಿ ಬರೆಯಲ್ಪಟ್ಟವೆ, ಇಲ್ಲ ಅಲ್ಲಿನ ಹವೆಯೇ ಹಾಗಿತ್ತೆ ಎಂದು ಅರವತ್ತು ವರ್ಷಗಳ ಮೇಲೆ ವಾದ ನಡೆಯಿತು. ನನ್ನ ಗಮನ ಬೇರೆಡೆ ಇದೆ: ತಳಿಯಿಂದ ತಳಿಗಿರುವ ಅಂತರಕ್ಕಿಂತ ಊರಿಂದ ಊರಿಗಿರುವ ಅಂತರ ಅಲ್ಲಿ ದೊಡ್ಡದು. ಸರಾಸರಿಯಲ್ಲಿ ಮೊದಲು ಬಂದ ತಳಿಯನ್ನು ಎಲ್ಲರ ಹೊಲಕ್ಕೂ ಹೊರಿಸುವ ಮೊದಲು ಇದನ್ನು ನೋಡಬೇಕು.

ನಮ್ಮ ದೇಶದ ಮಾತಿಗೆ ಹಿಂತಿರುಗುತ್ತೇನೆ. 1950ರ ಹೊತ್ತಿಗೆ ಭಾರತದಲ್ಲಿ ಬಾರ್ಲಿ ಸುಮಾರು 30 ಲಕ್ಷ ಹೆಕ್ಟೇರುಗಳಲ್ಲಿತ್ತು. ಹೆಕ್ಟೇರಿಗೆ ಎಂಟು ಕ್ವಿಂಟಾಲೂ ಸಿಗುತ್ತಿರಲಿಲ್ಲ. ಇವತ್ತು ವಿಸ್ತೀರ್ಣ ಸುಮಾರು ಆರು ಲಕ್ಷಕ್ಕೆ ಇಳಿದಿದೆ, ಇಳುವರಿ ಹೆಚ್ಚುಕಡಿಮೆ 30 ಕ್ವಿಂಟಾಲಿಗೆ ಏರಿದೆ. ನೀರಾವರಿ ಬಂದಲ್ಲೆಲ್ಲ ಗೋಧಿ ಬಾರ್ಲಿಯನ್ನು ಹೊರದೂಡಿತು. ಉಳಿದದ್ದು ಉಪ್ಪುನೀರಿನ ಬಾವಿಗಳ ಸೀಮೆಯಲ್ಲಿ, ಒಂದೆರಡು ನೀರಷ್ಟೇ ಕೊಡಬಲ್ಲವರ ಹೊಲಗಳಲ್ಲಿ. ಬಾರ್ಲಿ ಧಾನ್ಯಗಳಲ್ಲೆಲ್ಲ ಹೆಚ್ಚು ಉಪ್ಪು ಸಹಿಸುವ ಬೆಳೆ, ಆದ್ದರಿಂದ ಗೋಧಿ ಬಾರದ ನೆಲ ಅದರ ಪಾಲಿಗೆ ಬಂತು.

ಇಂಥ ರೈತನಿಗೆ ಶಿಫಾರಸಿನ ಪುಸ್ತಕ ಹೇಳುತ್ತದೆ: ನವೆಂಬರಿನ ಎರಡನೆಯ, ಮೂರನೆಯ ವಾರದಲ್ಲಿ ಬಿತ್ತು; ಎಕರೆಗೆ 40 ಕಿಲೊ ಬೀಜ ಹಾಕು. ಒಪ್ಪುವ ಮಾತೇ. ಆದರೆ ತಡವಾಗಿ ಬಿತ್ತುವವನು ಸೋಮಾರಿ ಎಂಬ ಒಂದು ಭಾವನೆ ನಮ್ಮ ವಿಸ್ತರಣಾ ಭಾಷಣಗಳಲ್ಲಿ ಸದಾ ಇಣುಕುತ್ತದೆ. ಅದು ನನಗೆ ನೋವು ಕೊಡುತ್ತದೆ. ಹತ್ತಿಯ ಕೊನೆಯ ಬಿಡಿಸು ಮುಗಿಯದೆ ಹೊಲ ಖಾಲಿಯಾಗುವುದಿಲ್ಲ. ಕಾಲುವೆಯ ಪಾಳಿ ಬಂದಾಗಲೇ ಹದನೀರು. ಕೂರಿಗೆ ಬಾಡಿಗೆಗೆ ಸಿಗಬೇಕು, ಬೀಜಕ್ಕೆ ಸಾಲ ಸಿಗಬೇಕು. ತಡವಾದ ಬಿತ್ತನೆ ಸಣ್ಣ ರೈತನ ಬದುಕಿನ ಸ್ಥಿತಿ. ಅವನಿಗೆ ಸಕಾಲದ ತಳಿಯನ್ನೇ ಕೊಟ್ಟು, ಇಳುವರಿ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಕರ್ನಾಲಿನ ತಜ್ಞರನ್ನು ನಾನು ಮೆಚ್ಚುವುದು ಇಲ್ಲಿ. ಡಿಸೆಂಬರಿನಲ್ಲಿ ಬಿತ್ತುವವರಿಗಾಗಿಯೇ ಅವರು ಪ್ರತ್ಯೇಕ ಪರೀಕ್ಷೆ ನಡೆಸಿ ಪ್ರತ್ಯೇಕ ತಳಿ ಬಿಡುಗಡೆ ಮಾಡಿದ್ದಾರೆ. ಡಿ.ಡಬ್ಲ್ಯು.ಆರ್.ಬಿ. 92, 101, 123 ಮುಂತಾದ ಎರಡು ಸಾಲಿನ ಮಾಲ್ಟ್ ತಳಿಗಳು ಸಕಾಲದ ಬಿತ್ತನೆಯವು, ಡಿ.ಡಬ್ಲ್ಯು.ಆರ್.ಬಿ. 73 ಮತ್ತು 91, ಆರು ಸಾಲಿನ ಡಿ.ಡಬ್ಲ್ಯು.ಆರ್.ಯು.ಬಿ. 64 ತಡದ ಬಿತ್ತನೆಯವು. ತಡದ ತಳಿ ಸಕಾಲದ ತಳಿಯಷ್ಟು ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕಳೆದುಹೋದ ತಂಪಿನ ದಿನಗಳನ್ನು ಯಾವ ತಳಿಯೂ ತಂದುಕೊಡಲಾರದು. ಉಳಿದ ದಿನಗಳನ್ನು ಚೆನ್ನಾಗಿ ಬಳಸಿಕೊಳ್ಳುವ ತಳಿ ಅದು. ತೆಂಡೆ ಕಡಿಮೆಯಾಗುವುದು ಖಚಿತವಿರುವುದರಿಂದ ಬೀಜದ ಪ್ರಮಾಣ ಏರಿಸಿ, ಸಾಲಿನ ಅಂತರವನ್ನು ಸುಮಾರು 23 ಸೆಂಟಿಮೀಟರಿನಿಂದ 18ಕ್ಕೆ ಇಳಿಸಿದರೆ ತೆಂಡೆಯಿಂದ ಬರಬೇಕಿದ್ದ ತೆನೆಗಳಲ್ಲಿ ಕೆಲವನ್ನಾದರೂ ತಾಯಿಗಿಡಗಳಿಂದಲೇ ಪಡೆಯಬಹುದು.

ಮಾಲ್ಟಿಗೆ ಮಾರುವವನಿಗೆ ತಡದ ಬಿತ್ತನೆ ಎರಡು ಸಲ ಹೊಡೆಯುತ್ತದೆ. ಮಾಲ್ಟ್ ಮಾಡುವವರಿಗೆ ದಪ್ಪ ಕಾಳು, ಹೆಚ್ಚು ಪಿಷ್ಟ, ಹದವಾದ ಪ್ರೋಟೀನು ಬೇಕು. ಸೆಕೆಯಲ್ಲಿ ಕಾಳು ತುಂಬುವ ಅವಧಿ ಮೊಟಕಾದಾಗ ಕುಗ್ಗುವುದು ಪಿಷ್ಟ. ಸಾರಜನಕ ಅಷ್ಟೇ ಇರುವುದರಿಂದ ಪ್ರೋಟೀನಿನ ಪಾಲು ಏರುತ್ತದೆ, ಕಾಳು ತೆಳ್ಳಗಾಗಿ ಜರಡಿಯಲ್ಲಿ ಕೆಳಗೆ ಬೀಳುತ್ತದೆ. ಅದಕ್ಕೆ ಸಿಗುವುದು ಪಶು ಆಹಾರದ ಬೆಲೆ. ತಡವಾದ ಎಳೆಯ ಬೆಳೆಗೆ ಸಸ್ಯಹೇನಿನ ಕಾಟವೂ ಹೆಚ್ಚು. ತೂಕದ ಇಳುವರಿಯನ್ನಷ್ಟೇ ಅಳೆದರೆ ಈ ನಷ್ಟದ ಪೂರ್ತಿ ಅಳತೆ ಸಿಗುವುದಿಲ್ಲ.

ನಮ್ಮ ನೆಲಕ್ಕೂ ಬಾರ್ಲಿಗೂ ಹಳೆಯ ಪರಿಚಯವಿದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರು, ಕೊರಲೆಗಳ ಜೊತೆಗೆ ಸುಟ್ಟು ಕರಕಾದ ಗೋಧಿ, ಬಾರ್ಲಿ ಕಾಳುಗಳೂ ಸಿಕ್ಕಿವೆ. ವಾಯವ್ಯದಿಂದ ಬಂದ ಆ ಚಳಿಗಾಲದ ಧಾನ್ಯಗಳನ್ನು ಆ ಜನ ಯಾವ ಹೊಂಡದ ಪಕ್ಕ, ಯಾವ ತಂಪು ಹುಡುಕಿ ಬಿತ್ತಿದರೋ ಎಂದು ಆ ಬೆಟ್ಟಗಳನ್ನು ನೋಡಿದಾಗಲೆಲ್ಲ ಯೋಚಿಸುತ್ತೇನೆ. ಅದು ಇಲ್ಲಿ ಮುಖ್ಯ ಬೆಳೆಯಾಗಿ ನಿಲ್ಲಲಿಲ್ಲ. ನಮ್ಮ ಚಳಿಗಾಲ ಬಹಳ ಗಿಡ್ಡ. ತೆಂಡೆಗೂ ಕಾಳಿಗೂ ಸಾಕಾಗುವಷ್ಟು ತಂಪು ಬಯಲುಸೀಮೆಯಲ್ಲಿ ಇಲ್ಲ.

ಆದರೆ ಇಲ್ಲಿಯವರೆಗೆ ಹೇಳಿದ ವಿಚಾರ ವಿಜಯಪುರ, ಬಾಗಲಕೋಟೆಯ ಎರೆಭೂಮಿಯ ರೈತನಿಗೆ ಹೊಸತಲ್ಲ. ಹಿಂಗಾರಿ ಬಿಳಿಜೋಳವನ್ನು ಉತ್ತರಿ, ಹಸ್ತ ಮಳೆಗಳ ಹದ ನೋಡಿ ಬಿತ್ತುವವನು ಅವನು. ಜೋಳದ ಗಡಿಯಾರ ಬಾರ್ಲಿಯದಕ್ಕೆ ತದ್ವಿರುದ್ಧ. ಅದು ಗಿಡ್ಡ ಹಗಲಿಗೆ ತೆನೆ ಬಿಡುವ ಗಿಡ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ಮಾಲದಂಡಿ, ಅಂದರೆ ಎಂ 35-1, ಇವತ್ತಿಗೂ ನಮ್ಮ ಹಿಂಗಾರಿ ಹೊಲಗಳಲ್ಲಿ ಉಳಿದಿದೆ. ಅದಕ್ಕಿಂತ ಹೆಚ್ಚು ಕೊಡುವ ತಳಿಗಳು ಪ್ರಯೋಗದ ತಾಕುಗಳಲ್ಲಿ ಎಷ್ಟೋ ಬಂದುಹೋದವು. ರೊಟ್ಟಿಯ ರುಚಿ, ದನಕ್ಕೆ ಕಣಿಕೆ ಇವು ಕಾರಣ, ನಿಜ. ಜೊತೆಗೆ, ಮಣ್ಣಿನಲ್ಲಿ ಉಳಿದ ತೇವ ತೀರುವ ಮೊದಲು ತೆನೆ ಬಿಟ್ಟು ಕಾಳು ಕಟ್ಟುವ ಲೆಕ್ಕ ಆ ತಳಿಗೆ ಈ ನೆಲದಲ್ಲಿ ಸಿದ್ಧಿಸಿದೆ.

ಈ ಸಭೆಯಲ್ಲಿರುವ ಸಂಶೋಧಕ ಮಿತ್ರರಲ್ಲಿ ಎರಡು ಕೋರಿಕೆಗಳಿವೆ. ತಳಿ ಪರೀಕ್ಷೆಯ ವರದಿಗಳಲ್ಲಿ ಇಳುವರಿಯ ಅಂಕಿ ದಪ್ಪಕ್ಷರದಲ್ಲಿರುತ್ತದೆ, ತೆನೆ ಬಿಟ್ಟ ದಿನ ಎಲ್ಲೋ ಅನುಬಂಧದಲ್ಲಿ ಅವಿತಿರುತ್ತದೆ. ಅದನ್ನು ಇಳುವರಿಯ ಪಕ್ಕಕ್ಕೆ ತನ್ನಿ, ಪ್ರತಿ ಊರಿಗೂ ಪ್ರತಿ ಬಿತ್ತನೆಗೂ ಬರೆಯಿರಿ. ಬಾರ್ಲಿಯಾದರೆ ಸೂಲಂಗಿ ಇಣುಕಿದ ದಿನವನ್ನು ಬರೆಯಿರಿ. ಎರಡನೆಯದು, ತಡದ ಬಿತ್ತನೆಯ ತಳಿಗಳ ಬೀಜ ಡಿಸೆಂಬರ್ ಮೊದಲ ವಾರದಲ್ಲಿ ಹೋಬಳಿಯ ಅಂಗಡಿಯಲ್ಲಿ ಇರುವಂತೆ ನೋಡಿಕೊಳ್ಳಲು ಬೀಜ ನಿಗಮಗಳನ್ನು ಒತ್ತಾಯಿಸಿ. ಬಿಡುಗಡೆಯಾದ ಎಷ್ಟೋ ಒಳ್ಳೆಯ ತಳಿಗಳು ಮೂಲಬೀಜದ ಹಂತದಲ್ಲೇ ನಿಂತುಬಿಡುತ್ತವೆ. ಕೊಳ್ಳಲು ಬಂದ ರೈತನಿಗೆ ಸಿಗುವುದು ನವೆಂಬರಿನ ತಳಿಯ ಉಳಿದ ಚೀಲ. ಹತ್ತಿ ಬಿಡಿಸಿ, ಪಾಳಿ ಕಾದು, ಕೂರಿಗೆ ಹೊಂದಿಸಿಕೊಂಡು ಅಂಗಡಿಗೆ ಬಂದವನು ಅದನ್ನೇ ಹೊತ್ತು ಹೊಲಕ್ಕೆ ಹೋಗುತ್ತಾನೆ.